ಶೋಧಯಂತ್ರವೂ ವಾಚಕನೂ

ಅಂಗಡಿಯನ್ನು ಪೇಟೆಯ ನಡುಬೀದಿಯಲ್ಲಿ ಇಡಬೇಕು. ಬಾಗಿಲ ಮೇಲೆ ಹೆಸರಿನ ಹಲಗೆ ತೂಗಬೇಕು. ಒಳಗೆ ಬಂದ ಗಿರಾಕಿಗೆ ಹಲಗೆಯಲ್ಲಿ ಬರೆದ ಸರಕನ್ನೇ ತೋರಿಸಬೇಕು. ವ್ಯಾಪಾರದ ಈ ಮೂರು ನಿಯಮಗಳು ನಮ್ಮ ವರ್ತಕರಿಗೆ ತಲೆತಲಾಂತರದಿಂದ ತಿಳಿದವು. ಈಗ ನಡುಬೀದಿಯೇ ತನ್ನ ಸ್ಥಳವನ್ನು ಬದಲಾಯಿಸಿದೆ. ಔಷಧ ಬೇಕಾದ ರೋಗಿಯೂ, ಮಗಳಿಗೆ ಕಾಲೇಜು ಹುಡುಕುವ ತಂದೆಯೂ, ಜಮೀನಿನ ಕಾಗದ ಬೇಕಾದ ರೈತನೂ ಮೊದಲು ಕೈಗೆತ್ತಿಕೊಳ್ಳುವುದು ಮೊಬೈಲನ್ನು. ಅದರಲ್ಲಿ ನಾಲ್ಕು ಮಾತು ಬರೆದು ಅಥವಾ ನುಡಿದು, ಗೂಗಲ್ ಮೊದಲಾದ ಶೋಧಯಂತ್ರಗಳು ತಂದೊಡ್ಡುವ ಪಟ್ಟಿಯನ್ನು ನೋಡುವರು; ಪಟ್ಟಿಯ ಮೊದಲಲ್ಲಿ ಕಂಡುದನ್ನು ಓದಿ ತೃಪ್ತರಾಗುವರು. ಪಟ್ಟಿಯ ಎರಡನೆಯ ಪುಟಕ್ಕೆ ಹೋಗುವವರು ವಿರಳ. ಆ ಪಟ್ಟಿಯಲ್ಲಿ ಕಾಣಿಸದ ಜಾಲತಾಣವು ಎಷ್ಟೇ ಉತ್ತಮವಾದುದಾಗಿದ್ದರೂ ಗಡಿಗೆಯೊಳಗಿಟ್ಟ ದೀಪದಂತೆಯೇ ಸರಿ.

ಹೀಗಿರುವಲ್ಲಿ ಜಾಲತಾಣಕ್ಕೆ ಬರೆಯುವವನಿಗೆ ಇಬ್ಬರು ಯಜಮಾನರು ಒದಗಿದ್ದಾರೆ. ಒಬ್ಬನು ಕಣ್ಣಿಲ್ಲದೆಯೇ ಓದುವ, ದಣಿವಿಲ್ಲದೆ ತಿರುಗುವ ಯಂತ್ರ. ಮತ್ತೊಬ್ಬನು ಕಣ್ಣಿದ್ದೂ ಪೂರ್ತಿಯಾಗಿ ಓದಲು ಪುರಸತ್ತಿಲ್ಲದ ಮನುಷ್ಯ. ಯಂತ್ರವನ್ನು ಒಲಿಸಿಕೊಡುವೆವೆಂದು ಹೇಳಿ ಹಣ ಪಡೆಯುವ ಒಂದು ಉದ್ಯೋಗವೇ ‘ಎಸ್‌ಇಒ’ ಎಂಬ ಹೆಸರಿನಿಂದ ಲೋಕದಲ್ಲೆಲ್ಲ ಬೆಳೆದಿದೆ. ಈ ಇಬ್ಬರಲ್ಲಿ ಯಾರನ್ನು ಮೊದಲು ಮೆಚ್ಚಿಸಬೇಕು ಎಂಬ ಪ್ರಶ್ನೆಯು ವರ್ತಕರಿಗೆ ಮಾತ್ರ ಸೇರಿದುದಲ್ಲ. ಕಛೇರಿ, ಆಸ್ಪತ್ರೆ, ವಿದ್ಯಾಶಾಲೆ, ಪತ್ರಿಕೆ, ಇವೆಲ್ಲಕ್ಕೂ ಸೇರಿದುದು. ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವೆವು. ಯಂತ್ರವನ್ನು ಮೆಚ್ಚಿಸುವುದಕ್ಕೆಂದೇ ಬರೆದ ಬರಹವು ಕೊನೆಗೆ ಯಂತ್ರಕ್ಕೂ ಬೇಡವಾಗುವುದು. ವಾಚಕನ ಪ್ರಯೋಜನಕ್ಕೆಂದು ಪ್ರಾಮಾಣಿಕವಾಗಿ ಬರೆದು, ಯಂತ್ರವು ಬರುವ ದಾರಿಯನ್ನು ತೆರೆದಿಟ್ಟ ಬರಹವೇ ಎರಡು ಕಡೆಯಲ್ಲಿಯೂ ಸಲ್ಲುವುದು. ಈ ಮಾತಿಗೆ ಚರಿತ್ರೆಯೇ ಸಾಕ್ಷಿಯಾಗಿದೆ.

ಯಂತ್ರವು ಮಾಡುವ ಕೆಲಸ

ಶೋಧಯಂತ್ರದ ಕಾರ್ಯವು ಮೂರು ಹಂತದ್ದು. ಮೊದಲನೆಯದು ಸಂಚಾರ: ಒಂದು ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಮತ್ತೊಂದು ಪುಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗುತ್ತ, ಕಂಡುದನ್ನೆಲ್ಲ ಪ್ರತಿಮಾಡಿಕೊಂಡು ಬರುವುದು. ಎರಡನೆಯದು ಸೂಚೀರಚನೆ: ದೊಡ್ಡ ಗ್ರಂಥದ ಕೊನೆಯಲ್ಲಿ ಯಾವ ಶಬ್ದವು ಯಾವ ಪುಟದಲ್ಲಿದೆಯೆಂಬ ಅಕಾರಾದಿಯನ್ನು ಕೊಡುವಂತೆ, ಪ್ರತಿಯೊಂದು ಶಬ್ದವೂ ಯಾವ ಯಾವ ತಾಣದಲ್ಲಿ ಇದೆಯೆಂದು ಬರೆದಿಟ್ಟುಕೊಳ್ಳುವುದು. ಮೂರನೆಯದು ತಾರತಮ್ಯ: ಒಬ್ಬನು ಪ್ರಶ್ನೆ ಕೇಳಿದೊಡನೆ, ಆ ಶಬ್ದಗಳುಳ್ಳ ಅಸಂಖ್ಯಾತ ಪುಟಗಳಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ತೋರಿಸಬೇಕೆಂದು ನಿರ್ಣಯಿಸುವುದು. ಮೊದಲೆರಡು ಕೆಲಸಗಳು ದುಡಿಮೆಯವು, ಮೂರನೆಯದು ನ್ಯಾಯಾಧಿಕಾರದ್ದು. ಜಗಳವೆಲ್ಲವೂ ಈ ಮೂರನೆಯದರ ಸಂಬಂಧವಾಗಿಯೇ ಹುಟ್ಟಿದೆ.

1995ರ ಡಿಸೆಂಬರಿನಲ್ಲಿ ಹೊರಟ ಆಲ್ಟಾವಿಸ್ಟಾ ಮೊದಲಾದ ಹಳೆಯ ಯಂತ್ರಗಳು ಮುಖ್ಯವಾಗಿ ಪುಟದೊಳಗಿನ ಶಬ್ದಗಳನ್ನೇ ನೆಚ್ಚಿಕೊಂಡಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆಯ್ ಬ್ರಿನ್ ಎಂಬವರು 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರೊಂದು ಉಪಾಯವನ್ನು ವಿವರಿಸಿದರು. ಒಂದು ಪುಟವು ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕಿಂತ, ಇತರ ಎಷ್ಟು ಪುಟಗಳು ಅದಕ್ಕೆ ಕೊಂಡಿ ಕೊಟ್ಟಿವೆ, ಹಾಗೆ ಕೊಟ್ಟವುಗಳಿಗೆ ಸ್ವತಃ ಎಷ್ಟು ಗೌರವವಿದೆ ಎಂಬುದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕೆಂಬುದೇ ಆ ಉಪಾಯ. ಊರಿನಲ್ಲಿ ವೈದ್ಯನ ಯೋಗ್ಯತೆಯನ್ನು ಅವನ ಬಾಗಿಲ ಹಲಗೆಯಿಂದಲ್ಲ, ಗುಣಹೊಂದಿದವರ ಬಾಯಿಂದ ತಿಳಿಯುವುದಿಲ್ಲವೆ? ಅದೇ ನ್ಯಾಯ. ಅದೇ ವರ್ಷ ಅವರು ಸ್ಥಾಪಿಸಿದ ಗೂಗಲ್ ಸಂಸ್ಥೆಯು ಈ ಬಲದಿಂದಲೇ ಮುಂದಕ್ಕೆ ಬಂದಿತು.

ಕಪಟದ ಚರಿತ್ರೆ

ಯಂತ್ರವು ಏನನ್ನು ಎಣಿಸುವುದೆಂದು ಗೊತ್ತಾದೊಡನೆ ಜನರು ಅದನ್ನೇ ರಾಶಿ ಹಾಕತೊಡಗಿದರು. ಶಬ್ದವನ್ನು ಎಣಿಸುತ್ತಿದ್ದಾಗ ಒಂದೇ ಶಬ್ದವನ್ನು ನೂರು ಬಾರಿ ಬರೆದರು. ವಾಚಕನು ಜುಗುಪ್ಸೆಪಡದಿರಲೆಂದು ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ ಬಚ್ಚಿಟ್ಟರು. ಪುಟದ ವಿಷಯವನ್ನು ಯಂತ್ರಕ್ಕೆ ತಿಳಿಸಲೆಂದು ಪುಟದ ಹಿಂದುಗಡೆ ‘ಕೀವರ್ಡ್’ಗಳನ್ನು ಬರೆಯುವ ಏರ್ಪಾಡಿತ್ತು. ಅದರಲ್ಲಿ ತಮಗೆ ಸಂಬಂಧಪಡದ ಶಬ್ದಗಳನ್ನೂ ಎಷ್ಟು ತುಂಬಿದರೆಂದರೆ, ಆ ಪಟ್ಟಿಯನ್ನು ತಾನು ತಾರತಮ್ಯಕ್ಕೆ ಗಣಿಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಸಾರಿತು. ಸತ್ಯವನ್ನು ಹೇಳಲು ಕೊಟ್ಟ ಅವಕಾಶವು ಸುಳ್ಳುಗಾರರ ದೆಸೆಯಿಂದ ಎಲ್ಲರಿಗೂ ನಷ್ಟವಾಯಿತು.

ದೊಡ್ಡ ಮನೆತನದವರೂ ಈ ಹಾದಿಯನ್ನು ಹಿಡಿಯದೆ ಇರಲಿಲ್ಲ. ಬಿಎಂಡಬ್ಲ್ಯು ಎಂಬ ಪ್ರಸಿದ್ಧ ಮೋಟಾರು ಕಂಪೆನಿಯ ಜರ್ಮನ್ ಜಾಲತಾಣವು ಯಂತ್ರಕ್ಕೆ ಒಂದು ಪುಟವನ್ನೂ ಮನುಷ್ಯನಿಗೆ ಮತ್ತೊಂದು ಪುಟವನ್ನೂ ತೋರಿಸುತ್ತಿದ್ದಿತು. ಯಂತ್ರದ ಪುಟದಲ್ಲಿ ಹಳೆಯ ಮೋಟಾರುಗಳ ಮಾರಾಟಕ್ಕೆ ಸಂಬಂಧಿಸಿದ ಶಬ್ದಗಳನ್ನು ಪದೇ ಪದೇ ಹೇರಲಾಗಿದ್ದಿತು. 2006ರ ಫೆಬ್ರವರಿಯಲ್ಲಿ ಗೂಗಲ್ ಆ ತಾಣವನ್ನೇ ತನ್ನ ಸೂಚಿಯಿಂದ ತೆಗೆದುಹಾಕಿತು. ಆ ಪುಟಗಳನ್ನು ಕಿತ್ತುಹಾಕಿದ ಮೇಲೆಯೇ ಅದಕ್ಕೆ ಪುನಃ ಪ್ರವೇಶ ದೊರೆತದ್ದು. ಅಮೆರಿಕದ ಜೆ. ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಯು ಉಡುಪು, ಹಾಸಿಗೆ ಮುಂತಾದ ಹಲವು ಸರಕುಗಳ ಶೋಧದಲ್ಲಿ ಮೊದಲ ಸ್ಥಾನವನ್ನು ಗಳಿಸಿದ್ದುದು, ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ನೆಡಿಸಿದ ಕೊಂಡಿಗಳ ಬಲದಿಂದ ಎಂಬುದನ್ನು 2011ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಬಯಲಿಗೆಳೆಯಿತು. ಅಂಗಡಿಯವರು ಅದು ತಮಗೆ ತಿಳಿಯದೆ ನಡೆದುದೆಂದು ಹೇಳಿ, ತಮ್ಮ ಎಸ್‌ಇಒ ಸಲಹೆಗಾರರನ್ನು ಬಿಡಿಸಿದರು; ಆದರೆ ಸ್ಥಾನವು ಹೋದದ್ದು ಅಂಗಡಿಯದೇ ಹೊರತು ಸಲಹೆಗಾರರದಲ್ಲ. ಈ ಕೆಲಸವನ್ನು ಗುತ್ತಿಗೆಗೆ ಕೊಡುವ ನಮ್ಮ ವರ್ತಕರು ಇದನ್ನು ಲಕ್ಷ್ಯದಲ್ಲಿಡುವುದು ಒಳ್ಳೆಯದು.

ಮೂರನೆಯ ಬಗೆಯ ಕಪಟವು ಇನ್ನೂ ಸೂಕ್ಷ್ಮವಾದುದು. ಜನರು ಯಾವ ಯಾವ ಪ್ರಶ್ನೆಗಳನ್ನು ಕೇಳುತ್ತಾರೆಂಬುದನ್ನು ಮೊದಲು ಲೆಕ್ಕ ಹಾಕಿ, ಒಂದೊಂದಕ್ಕೂ ಅಗ್ಗದ ಕೂಲಿಗೆ ಒಂದೊಂದು ಲೇಖನವನ್ನು ಬರೆಯಿಸುವ ಕಾರ್ಖಾನೆಗಳು ಹುಟ್ಟಿದವು. ಅವುಗಳಲ್ಲಿ ಹೆಸರಾದ ಡಿಮಾಂಡ್ ಮೀಡಿಯಾ ಎಂಬ ಕಂಪೆನಿಯು 2011ರ ಜನವರಿಯಲ್ಲಿ ನ್ಯೂಯಾರ್ಕಿನ ಷೇರುಪೇಟೆಯನ್ನು ಪ್ರವೇಶಿಸಿತು. ಮರುತಿಂಗಳೇ ಗೂಗಲ್ ‘ಪಾಂಡಾ’ ಎಂಬ ಹೆಸರಿನ ಬದಲಾವಣೆಯನ್ನು ತಂದಿತು. ಅಮೆರಿಕದಲ್ಲಿ ಕೇಳಲಾಗುತ್ತಿದ್ದ ಪ್ರಶ್ನೆಗಳಲ್ಲಿ ನೂರಕ್ಕೆ 11.8ರಷ್ಟರ ಫಲಿತಾಂಶವು ಅದರಿಂದ ಗಮನಾರ್ಹವಾಗಿ ಬದಲಾಗುವುದೆಂದು ಅದೇ ಸಂಸ್ಥೆಯು ತಿಳಿಸಿತು. ಕೆಲವೇ ತಿಂಗಳುಗಳಲ್ಲಿ ಆ ಏಟು ಡಿಮಾಂಡ್ ಮೀಡಿಯಾಕ್ಕೂ ತಟ್ಟಿತು. 2012ರ ಏಪ್ರಿಲಿನಲ್ಲಿ ಬಂದ ‘ಪೆಂಗ್ವಿನ್’ ಕೃತಕವಾದ ಕೊಂಡಿಗಳನ್ನು ಹೊಡೆಯಿತು. 2019ರ ಅಕ್ಟೋಬರಿನಲ್ಲಿ ಬಂದ ‘ಬರ್ಟ್’ ಎಂಬ ವಿಧಾನವು ಬಿಡಿ ಶಬ್ದವನ್ನಲ್ಲ, ವಾಕ್ಯದಲ್ಲಿ ಅದರ ಸಂದರ್ಭವನ್ನು ಅರಿಯಲು ಯತ್ನಿಸಿತು. ಕೃತಕಬುದ್ಧಿಯಿಂದ ಗಳಿಗೆಗೊಂದು ಲೇಖನ ಹೆರುವ ಕಾಲ ಬಂದಾಗ, ಮನುಷ್ಯನು ಬರೆದಿರಲಿ ಯಂತ್ರವು ಬರೆದಿರಲಿ, ಪ್ರಯೋಜನವಿಲ್ಲದ ಪುಟಗಳನ್ನು ರಾಶಿ ರಾಶಿಯಾಗಿ ಹೊರಡಿಸುವುದನ್ನು ಅಪರಾಧವೆಂದು ಎಣಿಸುವ ನಿಯಮವನ್ನು 2024ರ ಮಾರ್ಚಿಯಲ್ಲಿ ತರಲಾಯಿತು.

ಈ ಚರಿತ್ರೆಯ ತಾತ್ಪರ್ಯವೇನು? ಯಂತ್ರವು ವರ್ಷದಿಂದ ವರ್ಷಕ್ಕೆ ಒಂದೇ ಗುರಿಯ ಕಡೆಗೆ ನಡೆದಿದೆ. ವಾಚಕನಿಗೆ ಯಾವುದು ತೃಪ್ತಿಕರವೋ ಅದನ್ನು ಗುರುತಿಸುವುದೇ ಆ ಗುರಿ. ಏಕೆಂದರೆ ವಾಚಕನು ಅತೃಪ್ತನಾದರೆ ಯಂತ್ರದ ಒಡೆಯನಿಗೂ ವ್ಯಾಪಾರವಿಲ್ಲ. ಯಂತ್ರದ ಈ ವರ್ಷದ ದೌರ್ಬಲ್ಯವನ್ನು ನೋಡಿ ಬರೆದವನು ಮುಂದಿನ ವರ್ಷ ನೆಲಕಚ್ಚುವನು. ವಾಚಕನ ಅವಶ್ಯಕತೆಯನ್ನು ನೋಡಿ ಬರೆದವನಿಗೆ ಯಂತ್ರವೇ ಕಾಲಕ್ರಮದಲ್ಲಿ ಹತ್ತಿರವಾಗುತ್ತ ಬರುವುದು.

2021ರ ಪಾಠ

ಹೀಗೆಂದ ಮಾತ್ರಕ್ಕೆ ಯಂತ್ರಕ್ಕೆ ವಿವೇಕ ಬಂದಿದೆಯೆಂದು ಯಾರೂ ತಿಳಿಯಬಾರದು. 2021ರ ಜೂನ್ ತಿಂಗಳ ಆರಂಭದಲ್ಲಿ ನಡೆದ ಸಂಗತಿಯನ್ನು ಕನ್ನಡಿಗರು ಮರೆತಿಲ್ಲ. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಕನ್ನಡದ ಹೆಸರನ್ನು ಉತ್ತರವಾಗಿ ತೋರಿಸಿತು. ಎರಡು ಸಾವಿರ ವರ್ಷಗಳ ಸಮೀಪದ ಇತಿಹಾಸವುಳ್ಳ ಭಾಷೆಗೆ ಆದ ಈ ಅವಮಾನದಿಂದ ನಾಡೆಲ್ಲ ಕೆರಳಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕ್ಷಮೆಯನ್ನು ಕೇಳಬೇಕೆಂದು ಒತ್ತಾಯಿಸಿ, ಕಾನೂನಿನ ಕ್ರಮದ ಎಚ್ಚರಿಕೆಯನ್ನೂ ಕೊಟ್ಟರು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೋರಿತು. ಅದು ತನ್ನ ಸಂಸ್ಥೆಯ ಅಭಿಪ್ರಾಯವಲ್ಲವೆಂದೂ ಹೇಳಿತು.

ಅಭಿಪ್ರಾಯವಲ್ಲವೆಂಬುದು ನಿಜವೇ, ಯಂತ್ರಕ್ಕೆ ಅಭಿಪ್ರಾಯವೆಲ್ಲಿಯದು? ಯಾವುದೋ ಅಪ್ರಸಿದ್ಧ ಪುಟದಲ್ಲಿ ಆ ಪ್ರಶ್ನೆಯೂ ಆ ಉತ್ತರವೂ ಅಕ್ಕಪಕ್ಕದಲ್ಲಿ ಬರೆದಿದ್ದವು. ಯಂತ್ರವು ಅದನ್ನು ಎತ್ತಿ ತಂದು ಪಟ್ಟಿಯ ನೆತ್ತಿಯ ಮೇಲೆ ಇಟ್ಟಿತು. ಅಂಥ ಹುಚ್ಚು ಪ್ರಶ್ನೆಗೆ ವಿವೇಕಿಗಳಾರೂ ಉತ್ತರ ಬರೆಯಲು ಹೋಗಿರಲಿಲ್ಲ. ಗೂಗಲಿನ ತಪ್ಪು ತಪ್ಪೇ. ಆದರೆ ಬರೆಯುವವರಾದ ನಮಗೆ ಇದರಲ್ಲೊಂದು ಪಾಠವಿದೆ. ಹಾಳುಬಿಟ್ಟ ಹೊಲದಲ್ಲಿ ಕಳೆಯೇ ಬೆಳೆ. ಬಲ್ಲವರು ಬರೆಯದ ಕಡೆ ಯಂತ್ರವು ಅರಿಯದವರ ಬರಹವನ್ನೇ ಪ್ರಮಾಣವೆಂದು ಹೊತ್ತು ತರುವುದು. ಭಾಷೆಯ ಮಾನದ ವಿಷಯದಲ್ಲಿ ನಾವು ಕೂಗಿದೆವು, ಕೇಳಿಸಿತು. ಆದರೆ ಮಧುಮೇಹದ ಪಥ್ಯವನ್ನು ಕುರಿತೋ, ವೃದ್ಧಾಪ್ಯವೇತನದ ಅರ್ಜಿಯನ್ನು ಕುರಿತೋ ಕನ್ನಡದಲ್ಲಿ ಹುಡುಕಿದ ಒಬ್ಬ ಬಡವನಿಗೆ ತಪ್ಪು ಉತ್ತರ ಸಿಕ್ಕಿದಲ್ಲಿ ಕೂಗುವವರಾರು? ಅವನು ತಪ್ಪೆಂದು ತಿಳಿಯದೆಯೇ ಅದರಂತೆ ನಡೆಯುವನು.

ಬರೆಯುವ ಬಗೆ

ಹಾಗಾದರೆ ಬರೆಯುವುದು ಹೇಗೆ? ಇದರಲ್ಲಿ ಗೂಢವಿದ್ಯೆ ಏನೂ ಇಲ್ಲ. ಮೊದಲನೆಯದಾಗಿ, ವಾಚಕನ ಶಬ್ದವನ್ನು ತಿಳಿಯಬೇಕು. ಕಛೇರಿಯ ಭಾಷೆಯಲ್ಲಿ ‘ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ’ ಎನ್ನುವುದನ್ನು ರೈತನು ‘ಪಹಣಿ’ ಎನ್ನುವನು. ಉತ್ತರದ ಜಿಲ್ಲೆಗಳಲ್ಲಿ ‘ಉತಾರ’ ಎನ್ನುವನು. ಪೇಟೆಯವನು ‘ಆರ್‌ಟಿಸಿ’ ಎನ್ನುವನು. ಕಛೇರಿಯ ಪುಟದಲ್ಲಿ ಮೊದಲನೆಯ ಹೆಸರು ಮಾತ್ರವಿದ್ದರೆ, ಉಳಿದ ಮೂರು ಹೆಸರುಗಳಿಂದ ಹುಡುಕಿದವರು ಆ ಪುಟಕ್ಕೆ ಬರುವುದು ಯಂತ್ರದ ಊಹೆಗೆ ಬಿಟ್ಟ ಮಾತಾಗುವುದು. ಈ ಹೆಸರುಗಳನ್ನು ನೂರು ಬಾರಿ ಹೇರಬೇಕಾಗಿಲ್ಲ. ‘ಪಹಣಿ ಎಂದರೆ ಜಮೀನಿನ ಹಕ್ಕು, ಗೇಣಿ, ಬೆಳೆಗಳನ್ನು ತೋರಿಸುವ ದಾಖಲೆ, ಕೆಲವು ಕಡೆ ಇದಕ್ಕೆ ಉತಾರವೆಂದೂ ಆರ್‌ಟಿಸಿ ಎಂದೂ ಹೆಸರು’ ಎಂದು ಒಂದು ಸಹಜವಾದ ವಾಕ್ಯವನ್ನು ಬರೆದರೆ ಮನುಷ್ಯನಿಗೂ ತಿಳಿಯಿತು, ಯಂತ್ರಕ್ಕೂ ತಿಳಿಯಿತು. ಅದರಂತೆಯೇ ‘ಸಂಧ್ಯಾ ಸುರಕ್ಷಾ’ ಎಂಬ ಯೋಜನೆಯ ಹೆಸರನ್ನೇ ಅರಿಯದ ಮುದುಕನಿಗಾಗಿ ‘ವೃದ್ಧರಿಗೆ ಮಾಸಾಶನ’ ಎಂಬ ಮಾತು ತಲೆಬರಹದಲ್ಲಿಯೇ ಇರಬೇಕು. ಹೆಸರನ್ನು ಬಲ್ಲವನಿಗೆ ಶೋಧದ ಅವಶ್ಯಕತೆ ಕಡಿಮೆ. ಅರಿಯದವನಿಗಾಗಿಯೇ ಪುಟವು ಹುಟ್ಟಿರುವುದು.

ಎರಡನೆಯದಾಗಿ, ಉತ್ತರವು ಮೊದಲು ಬರಬೇಕು. ಜಾಲತಾಣಗಳನ್ನು ಜನರು ಓದುವ ರೀತಿಯನ್ನು ಪರೀಕ್ಷಿಸಿದ ಯಾಕೋಬ್ ನೀಲ್ಸನ್ ಎಂಬ ವಿದ್ವಾಂಸನು 1997ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ನೂರಕ್ಕೆ 79 ಮಂದಿ ಹೊಸ ಪುಟವನ್ನು ಕಣ್ಣಾಡಿಸಿ ನೋಡುವರು. ಶಬ್ದ ಶಬ್ದವಾಗಿ ಓದುವವರು ನೂರಕ್ಕೆ 16 ಮಂದಿ ಮಾತ್ರ. ಅಂದಮೇಲೆ ಸ್ವಾಗತ, ಮಂಗಳಶ್ಲೋಕ, ಅಧ್ಯಕ್ಷರ ಭಾವಚಿತ್ರ, ಸಂಸ್ಥೆಯ ಇತಿಹಾಸ, ಇವೆಲ್ಲ ಮುಗಿದ ಮೇಲೆ ಬರುವ ವಿಷಯವನ್ನು ಯಾರು ಕಾದಿದ್ದು ಓದುವರು? ಏನು, ಯಾರಿಗೆ, ಎಲ್ಲಿ, ಎಷ್ಟು ಹಣ, ಯಾವ ಕಾಗದಗಳು, ಎಷ್ಟು ದಿನ, ಇಷ್ಟು ಮೊದಲ ಕಂಡಿಕೆಯಲ್ಲಿಯೇ ಇರಲಿ. ವಿವರವು ಆಮೇಲೆ ಉಪಶೀರ್ಷಿಕೆಗಳ ಕೆಳಗೆ ಬರಲಿ. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದು, ಮುಂದೆ ಬೆಂಗಳೂರಿನಲ್ಲಿ 1962ರಲ್ಲಿ ದಾಖಲೆಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಅವುಗಳಲ್ಲಿ ನಾಲ್ಕನೆಯದು ವಾಚಕನ ಕಾಲವನ್ನು ಉಳಿಸುವ ವಿಷಯದ್ದು. ಶೋಧಯಂತ್ರವು ಹುಟ್ಟುವುದಕ್ಕೆ ದಶಕಗಳ ಮುಂಚೆ ಹೇಳಿದ ಈ ಸೂತ್ರಕ್ಕಿಂತ ಉತ್ತಮವಾದ ಸಲಹೆಯನ್ನು ಯಾವ ಎಸ್‌ಇಒ ಪಂಡಿತನೂ ಕೊಟ್ಟಂತೆ ನಮಗೆ ತೋರಲಿಲ್ಲ.

ಮೂರನೆಯದಾಗಿ, ತಲೆಬರಹ. ಶೋಧದ ಪಟ್ಟಿಯಲ್ಲಿ ವಾಚಕನಿಗೆ ಮೊದಲು ಕಾಣುವುದು ಅದೊಂದೇ. ಅದು ಉದ್ದವಾದರೆ ಯಂತ್ರವು ಅಗಲ ನೋಡಿ ಕತ್ತರಿಸುವುದು. ‘ಮುಖಪುಟ’ ಎಂದೋ ‘ಸುಸ್ವಾಗತ’ ಎಂದೋ ತಲೆಬರಹ ಕೊಡುವುದು, ಅಂಗಡಿಯ ಹಲಗೆಯ ಮೇಲೆ ‘ಅಂಗಡಿ’ ಎಂದು ಬರೆದಂತೆ. ಪ್ರತಿಯೊಂದು ಪುಟಕ್ಕೂ ಅದರದೇ ಆದ, ಒಳಗಿರುವುದನ್ನೇ ಹೇಳುವ ತಲೆಬರಹವಿರಬೇಕು; ಮುಖ್ಯವಾದ ಮಾತು ಮೊದಲಿಗೇ ಬರಬೇಕು. ಒಳಗೆ ಇಲ್ಲದುದನ್ನು ತಲೆಬರಹದಲ್ಲಿ ಕೂಗುವ ಚಾಳಿಯನ್ನು ಪತ್ರಿಕೆಗಳವರೂ ಸೇರಿ ಎಲ್ಲರೂ ಬಿಡಬೇಕು.

ನಾಲ್ಕನೆಯದಾಗಿ, ಬೇರೆಯವರಲ್ಲಿ ಇಲ್ಲದುದನ್ನು ಕೊಡಬೇಕು. ಇಳಕಲ್ಲಿನ ಒಬ್ಬ ಸೀರೆಯ ವರ್ತಕನನ್ನು ದೃಷ್ಟಾಂತಕ್ಕೆ ಕಲ್ಪಿಸಿಕೊಳ್ಳೋಣ. ‘ಇಳಕಲ್ ಸೀರೆ ಬೇಕೆ? ಉತ್ತಮ ಇಳಕಲ್ ಸೀರೆ, ಅಗ್ಗದ ಇಳಕಲ್ ಸೀರೆ, ಇಳಕಲ್ ಸೀರೆ ಬೆಲೆಗಾಗಿ ನಮ್ಮ ಇಳಕಲ್ ಸೀರೆ ಅಂಗಡಿ’ ಎಂದು ಬರೆಯಿಸಿದರೆ ಓದಿದವನಿಗೆ ನಗೆ ಬರುವುದಲ್ಲದೆ ಸೀರೆಯ ಒಂದು ಎಳೆಯೂ ಕಾಣದು. ಅದರ ಬದಲು, ‘ಒಡಲು ಹತ್ತಿಯದು, ಸೆರಗು ರೇಷ್ಮೆಯದು, ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿದೆ, ದಡಿಯು ಗೋಮಿ, 6 ಗಜ, 8 ಗಜ, 9 ಗಜಗಳಲ್ಲಿ ದೊರೆಯುವುದು, ಮೊದಲ ಸಲ ಒಗೆಯುವ ಬಗೆ ಹೀಗೆ’ ಎಂದು ಬರೆದರೆ, ಸೀರೆಯ ಹೆಸರು ಒಂದೆರಡು ಸಲವೇ ಬಂದರೂ ಸಾಕು. ಗೋಮಿ ದಡಿಯನ್ನು ಹುಡುಕುವವಳೂ, ಒಂಬತ್ತು ಗಜದ ಸೀರೆಯನ್ನು ಹುಡುಕುವವಳೂ, ಒಗೆಯುವ ಕ್ರಮವನ್ನು ಕೇಳುವವಳೂ ಅದೇ ಪುಟಕ್ಕೆ ಬರುವರು. ಸರಕನ್ನು ಬಲ್ಲವನ ಬರಹ ಇದು. ಇದನ್ನು ಕೂಲಿಯವನೂ ಬರೆಯಲಾರನು, ಯಂತ್ರವೂ ತಾನಾಗಿ ಹುಟ್ಟಿಸಲಾರದು. ಇತರ ತಾಣಗಳವರು ಕೊಂಡಿ ಕೊಡುವುದೂ ಇಂಥ ಪುಟಕ್ಕೇ.

ಐದನೆಯದಾಗಿ, ಬರೆದವರು ಯಾರು, ಬರೆದದ್ದು ಎಂದು, ತಿದ್ದಿದ್ದು ಎಂದು ಎಂಬುದನ್ನು ಕಾಣಿಸಬೇಕು. ಹಳೆಯ ದರ, ಹಳೆಯ ನಿಯಮ, ವರ್ಗವಾಗಿ ಹೋದ ಅಧಿಕಾರಿಯ ಹೆಸರು, ಇವುಗಳನ್ನು ಹಾಗೆಯೇ ಬಿಟ್ಟ ಪುಟವು ಸುಳ್ಳನ್ನೇ ಹೇಳಿದಂತಾಯಿತು. ಕೊಂಡಿಗಳ ಮೇಲೆ ‘ಇಲ್ಲಿ ಒತ್ತಿ’ ಎಂದು ಬರೆಯದೆ, ಒತ್ತಿದರೆ ಏನು ದೊರೆಯುವುದೋ ಅದನ್ನೇ ಬರೆಯಬೇಕು. ಕಣ್ಣು ಕಾಣದವರು ಗಣಕದಿಂದ ಓದಿಸಿಕೊಂಡು ಕೇಳುವಾಗಲೂ ಇದರಿಂದಲೇ ಅವರಿಗೆ ದಾರಿ ತಿಳಿಯುವುದು.

ಕನ್ನಡಕ್ಕೆ ವಿಶೇಷವಾದ ಮಾತು

ಕನ್ನಡದಲ್ಲಿ ಬರೆಯುವವರು ಇನ್ನೂ ಕೆಲವನ್ನು ಗಮನಿಸಬೇಕಾಗಿದೆ. ಲೋಕದ ಲಿಪಿಗಳಿಗೆಲ್ಲ ಗಣಕದಲ್ಲಿ ಒಂದು ಸಾಮಾನ್ಯ ಸಂಕೇತವನ್ನು ಗೊತ್ತುಮಾಡಿದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಎಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಬಹುಕಾಲ ನಮ್ಮ ಮುದ್ರಣಾಲಯಗಳೂ ಕಛೇರಿಗಳೂ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ಅಚ್ಚುಗಳನ್ನೇ ಬಳಸಿದವು. ಅಂಥ ಪುಟವು ಮನುಷ್ಯನ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಅದರಲ್ಲಿ ‘ಕನ್ನಡ’ ಎಂಬ ಮಾತು ಸಾವಿರ ಸಲ ಇದ್ದರೂ ಕನ್ನಡವೆಂದು ಹುಡುಕಿದವನಿಗೆ ಅದು ಸಿಕ್ಕದು. ಇದಕ್ಕಿಂತ ಹೆಚ್ಚಿನ ಹಾನಿಯನ್ನು ಈಗ ಮಾಡುತ್ತಿರುವುದು ಪ್ರಕಟಣೆಗಳನ್ನು ಚಿತ್ರವಾಗಿ ಏರಿಸುವ ಪದ್ಧತಿ. ಆದೇಶವನ್ನು ಅಚ್ಚು ಹಾಕಿ, ಮುದ್ರೆ ಒತ್ತಿ, ಓರೆಯಾಗಿ ಛಾಯಾಚಿತ್ರ ತೆಗೆದು ಜಾಲತಾಣಕ್ಕೆ ಅಂಟಿಸುವುದರಿಂದ ಕಛೇರಿಯ ಕರ್ತವ್ಯ ಮುಗಿದಂತೆ ಕಂಡರೂ ವಾಚಕನಿಗೆ ಅದು ಮುಟ್ಟದು. ಚಿತ್ರದ ಜೊತೆಗೆ ಅದೇ ವಿಷಯವನ್ನು ಯುನಿಕೋಡ್ ಅಕ್ಷರಗಳಲ್ಲಿ ಬರೆದಿಡುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಇಂಗ್ಲಿಷಿನ ಲೆಕ್ಕಗಳನ್ನು ಹಾಗೆಯೇ ಕನ್ನಡಕ್ಕೆ ಹಚ್ಚುವುದೂ ಸರಿಯಲ್ಲ. ತಲೆಬರಹವು ಇಷ್ಟೇ ಅಕ್ಷರಗಳಿರಬೇಕೆಂದು ಇಂಗ್ಲಿಷ್ ಕೈಪಿಡಿಗಳು ಹೇಳುವುದುಂಟು. ಆದರೆ ನಾವು ಒಂದೇ ಅಕ್ಷರವೆಂದು ಎಣಿಸುವ ‘ಸ್ತ್ರೀ’ ಎಂಬುದರಲ್ಲಿ ಗಣಕವು 6 ಸಂಕೇತಗಳನ್ನು ಕಾಣುವುದು. ‘ಕರ್ನಾಟಕ’ ಎಂಬ ಮಾತು ನಮಗೆ ನಾಲ್ಕು ಅಕ್ಷರ. ಗಣಕಕ್ಕೆ 7 ಸಂಕೇತ. ಅದನ್ನು ಪುಟದ ವಿಳಾಸದಲ್ಲಿ ಬರೆದು ನಕಲು ಮಾಡಿದರೆ ಎಷ್ಟೋ ವೇಳೆ ಶೇಕಡಾ ಗುರುತು, ಅಂಕೆ, ರೋಮನ್ ಅಕ್ಷರಗಳು ಬೆರೆತ 63 ಚಿಹ್ನೆಗಳ ಸರಮಾಲೆಯಾಗಿ ಹೊರಬೀಳುವುದು. ಆದುದರಿಂದ ಕನ್ನಡ ಪುಟದ ವಿಳಾಸವು ಚಿಕ್ಕದಾಗಿರಲಿ. ತಲೆಬರಹವನ್ನು ಎಣಿಸಿ ನೋಡುವ ಬದಲು ಮೊಬೈಲಿನಲ್ಲಿ ತೆರೆದು ಕಣ್ಣಿನಿಂದ ನೋಡಿರಿ.

ಎಲ್ಲಕ್ಕಿಂತ ಮುಖ್ಯವಾದುದು, ಇಂಗ್ಲಿಷ್ ಪುಟವನ್ನು ಯಂತ್ರದಿಂದ ಅನುವಾದಿಸಿ ಓದಿಯೂ ನೋಡದೆ ಏರಿಸುವುದನ್ನು ನಿಲ್ಲಿಸಬೇಕು. ಗೂಗಲ್ ಅನುವಾದಕ್ಕೆ ಕನ್ನಡವು ಸೇರಿದುದು 2011ರ ಜೂನಿನಲ್ಲಿ. ಅಂದಿಗಿಂತ ಇಂದು ಅದು ಬಹಳ ಸುಧಾರಿಸಿದೆಯೆಂಬುದನ್ನು ಒಪ್ಪುವೆವು. ಆದರೆ ಯಂತ್ರಾನುವಾದವು ಹಳ್ಳಿಯವನ ಬಾಯಲ್ಲಿರುವ ‘ಉತಾರ’ವನ್ನು ತಾನಾಗಿ ತರಲಾರದು, ನಮ್ಮವರು ಕೇಳುವ ಪ್ರಶ್ನೆಗಳನ್ನು ಕೇಳಿಕೊಳ್ಳಲಾರದು. ಕನ್ನಡ ಪುಟವನ್ನು ಕನ್ನಡದಲ್ಲಿ ಯೋಚಿಸಿ ಬರೆಯಬೇಕು. 1963ರ ರಾಜಭಾಷಾ ಅಧಿನಿಯಮದಿಂದ ಆಡಳಿತಭಾಷೆಯಾದ ಕನ್ನಡವು ಆಡಳಿತದ ಜಾಲತಾಣದಲ್ಲಿ ಇಂಗ್ಲಿಷಿನ ನೆರಳಾಗಿ ನಿಲ್ಲುವುದು ಶೋಭಿಸತಕ್ಕ ಮಾತಲ್ಲ.

ಎರಡು ಆಕ್ಷೇಪಗಳು

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಪರದೇಶದ ಒಂದು ಖಾಸಗಿ ಕಂಪೆನಿಯು ನಮ್ಮ ಬರಹದ ತಾರತಮ್ಯವನ್ನು ನಿರ್ಣಯಿಸುವುದೂ ನಾವು ಅದಕ್ಕೆ ತಕ್ಕಂತೆ ಬರೆಯುವುದೂ ಸ್ವಾಭಿಮಾನಕ್ಕೆ ಕುಂದಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಗೂಗಲ್ ಶೋಧದ ಕ್ಷೇತ್ರದಲ್ಲಿ ತನ್ನ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಕಾಪಾಡಿಕೊಂಡಿದೆಯೆಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರೇ 2024ರ ಆಗಸ್ಟಿನಲ್ಲಿ ತೀರ್ಪಿತ್ತಿದ್ದಾರೆ. ಒಬ್ಬನೇ ಒಡೆಯನ ಮರ್ಜಿಯನ್ನು ಕಾದು ಬದುಕುವ ವರ್ತಕನ ಸ್ಥಿತಿಯು ಅಪಾಯಕರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದಕ್ಕೆ ಪರಿಹಾರವು ಬರೆಯದೆ ಸುಮ್ಮನಿರುವುದಲ್ಲ. ವಾಚಕನು ಒಮ್ಮೆ ಯಂತ್ರದ ಕೈಹಿಡಿದು ಬಂದವನು ಮುಂದಿನ ಸಲ ನಮ್ಮ ಹೆಸರನ್ನೇ ನೆನೆದು ನೇರವಾಗಿ ಬರುವಂತೆ ಮಾಡುವುದು. ಅದು ಬರಹದ ಯೋಗ್ಯತೆಯಿಂದ ಮಾತ್ರ ಆಗತಕ್ಕದ್ದು.

ಎರಡನೆಯ ಆಕ್ಷೇಪ: ಈಗ ಯಂತ್ರವು ಪಟ್ಟಿಯನ್ನು ಕೊಡುವ ಮೊದಲು ಕೃತಕಬುದ್ಧಿಯಿಂದ ತಾನೇ ಉತ್ತರವನ್ನು ಬರೆದು ತೋರಿಸುತ್ತಿದೆ, 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗೂಗಲ್ ಆರಂಭಿಸಿದ ಈ ಏರ್ಪಾಡು ಅದೇ ವರ್ಷದ ಆಗಸ್ಟಿನಲ್ಲಿ ಭಾರತಕ್ಕೂ ಬಂದಿತು. ವಾಚಕನು ಉತ್ತರವನ್ನು ಅಲ್ಲಿಯೇ ಓದಿ ಹಿಂದಿರುಗಿದರೆ ನಮ್ಮ ಪುಟಕ್ಕೆ ಬರುವವರಾರು, ನಾವು ಬರೆದು ಏನು ಫಲ? ಹಾದುಹೋಗುವ ಕುತೂಹಲಕ್ಕಾಗಿ ಬರೆದ ಸಾಮಾನ್ಯ ಪುಟಗಳಿಗೆ ಇದರಿಂದ ನಷ್ಟವಾಗುವುದು ನಿಜ. ಆದರೆ ಆ ಉತ್ತರವನ್ನು ಯಂತ್ರವು ಗಾಳಿಯಿಂದ ತರುವುದಿಲ್ಲ. ಯಾರೋ ಬರೆದಿಟ್ಟುದರಿಂದಲೇ ಹೆಣೆಯುವುದು. ಕನ್ನಡದಲ್ಲಿ ಖಚಿತವಾದ, ದಿನಾಂಕವುಳ್ಳ, ಬಲ್ಲವರು ಬರೆದ ಪುಟಗಳು ಇಲ್ಲದೆ ಹೋದರೆ ಯಂತ್ರವು ಪರಭಾಷೆಯ ಪುಟಗಳಿಂದ ಊಹೆ ಮಾಡಿ ನಮ್ಮ ಜನರಿಗೆ ಹೇಳುವುದು. ಆ ಊಹೆಯೇ ಪ್ರಮಾಣವಾಗಿಬಿಡುವುದು. 2021ರಲ್ಲಿ ಒಂದು ಪ್ರಶ್ನೆಗೆ ಆದುದು ಆಗ ಸಾವಿರ ಪ್ರಶ್ನೆಗಳಿಗೆ ಸದ್ದಿಲ್ಲದೆ ಆಗಬಹುದು. ಆದಕಾರಣ ಕೃತಕಬುದ್ಧಿಯ ಕಾಲದಲ್ಲಿ ಒಳ್ಳೆಯ ಪುಟದ ಅವಶ್ಯಕತೆಯು ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಮಾಡಬೇಕಾದುದು

ನಮ್ಮ ವಾಚಕರಲ್ಲಿ ಕಛೇರಿಗಳ ಹೊಣೆ ಹೊತ್ತವರು, ಅಂಗಡಿಗಳನ್ನು ನಡೆಸುವವರು, ಶಾಲೆ ಆಸ್ಪತ್ರೆಗಳ ಆಡಳಿತದಲ್ಲಿರುವವರು ಅನೇಕರಿದ್ದಾರೆ. ಅವರೆಲ್ಲರನ್ನು ನಾವು ಬೇಡಿಕೊಳ್ಳುವುದು ಇಷ್ಟೇ. ನಿಮ್ಮ ಸಂಸ್ಥೆಯ ಜಾಲತಾಣವನ್ನು ಇಂದೇ ಒಂದು ಮೊಬೈಲಿನಲ್ಲಿ ತೆರೆದು ನೋಡಿರಿ. ನಿಮ್ಮ ಹೆಸರನ್ನು ಬರೆದು ಹುಡುಕಬೇಡಿರಿ. ನಿಮ್ಮ ಬಾಗಿಲಿಗೆ ಬರುವ ಜನರು ಬಾಯಿಂದ ಕೇಳುವ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಕನ್ನಡದಲ್ಲಿ ಬರೆದು ಹುಡುಕಿರಿ. ಪಟ್ಟಿಯಲ್ಲಿ ನಿಮ್ಮ ಪುಟವು ಬರುವುದೋ, ಬಂದರೆ ಮೊದಲ ಕಂಡಿಕೆಯಲ್ಲಿ ಉತ್ತರವಿರುವುದೋ ಪರೀಕ್ಷಿಸಿರಿ. ಇಲ್ಲವಾದರೆ ದುಬಾರಿಯ ಸಲಹೆಗಾರನನ್ನು ಕರೆಯುವ ಮುನ್ನ, ದಿನವೂ ಜನರಿಗೆ ಉತ್ತರ ಹೇಳಿ ಹೇಳಿ ಬಾಯಿ ಒಣಗಿದ ನಿಮ್ಮ ಗುಮಾಸ್ತೆಯನ್ನೋ, ದಾದಿಯನ್ನೋ, ಅಂಗಡಿಯ ಹಳೆಯ ಆಳನ್ನೋ ಕರೆಯಿರಿ. ಜನರು ಏನು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ, ಯಾವ ಉತ್ತರದಿಂದ ಅವರಿಗೆ ತಿಳಿಯುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಅವರು ಹೇಳಿದ್ದನ್ನು ಶುದ್ಧವಾದ, ಸರಳವಾದ ಕನ್ನಡದಲ್ಲಿ ಬರೆದಿಟ್ಟರೆ ಪುಟದ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಕಾಲುಭಾಗದಲ್ಲಿ ಯಂತ್ರದ ಅವಶ್ಯಕತೆಗಳೆಲ್ಲವೂ ಅಡಕವಾಗುವುವು.